ಒಂದು ವೈರು, ಒಂದು ವೈಫೈ, ಒಂದು ಹಳೇ ಲ್ಯಾಪ್‌ಟಾಪು

ಪರೀಕ್ಷೆ, ಎಮಿಸ್ ಎಂಟ್ರಿ, ಮೀಟಿಂಗು ಅಂತ ಒಂದು ತಿಂಗಳಿಂದ ಈ ಕಡೆ ತಲೆ ಹಾಕೋಕೇ ಆಗಿರಲಿಲ್ಲ. ಇವತ್ತು ಭಾನುವಾರ, ಸ್ವಲ್ಪ ಪುರುಸೊತ್ತು. ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯ ಇದು. ಓದುವವರಲ್ಲಿ ಶಾಲೆಯ ಕಂಪ್ಯೂಟರಿನ ಜವಾಬ್ದಾರಿ ತಲೆಗೆ ಬಿದ್ದಿರುವ ಮೇಷ್ಟ್ರು, ಟೀಚರುಗಳು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾದೀತು.

ನಮ್ಮ ಶಾಲೆಗೆ ಇಂಟರ್‌ನೆಟ್ಟು ಎರಡು ದಿಕ್ಕಿನಿಂದ ಬರುತ್ತದೆ. ವೈರಿನಲ್ಲಿ ಬರುವುದು ತೆಂಕಲಿಂದ, ಸತ್ಯಮಂಗಲದ ಕಡೆಯಿಂದ, ದಿಂಬಂ ಘಾಟಿಯ 27 ತಿರುವು ಹತ್ತಿ, ಹುಲಿಕಾಡು ದಾಟಿ. ಗಾಳಿಯಲ್ಲಿ ಬರುವುದು ಬಡಗಲಿಂದ, ಅಂದರೆ ಚಾಮರಾಜನಗರದ ಕಡೆಯ ಟವರಿನಿಂದ. ಊರಿನ ಈ ಬೀದಿಯಲ್ಲಿ ನಿಂತರೆ ಫೋನು ತಮಿಳುನಾಡಿನದು, ಆ ಬೀದಿಗೆ ಹೋದರೆ ಕರ್ನಾಟಕದ್ದು. ಮೊದಲೆಲ್ಲ ಈ ಆಟಕ್ಕೆ ರೋಮಿಂಗ್ ಕಾಸು ಬೇರೆ ಹೋಗುತ್ತಿತ್ತು! 1956ರ ರಾಜ್ಯ ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಇಲ್ಲೇ ಉಳಿಯಿತು. ಟವರುಗಳಿಗೆ ಆ ಗೆರೆ ಕಾಣುವುದಿಲ್ಲ. ಇರಲಿ, ಅದು ಬೇರೆ ಕಥೆ.

ಎರಡು ಇದ್ದರೇನು ಬಂತು, ಎರಡನ್ನೂ ನಂಬುವ ಹಾಗಿಲ್ಲ. ಮಳೆಗಾಲದಲ್ಲಿ ಮರ ಬಿದ್ದರೆ, ರಸ್ತೆ ಅಗೆದರೆ, ಆನೆ ಕಂಬಕ್ಕೆ ಮೈ ಉಜ್ಜಿದರೆ ವೈರು ಕಟ್ಟು. ರಿಪೇರಿಯವರು ಕೆಳಗಿನಿಂದ ಬರಬೇಕು, ಘಾಟಿಯಲ್ಲಿ 2022ರಿಂದ ರಾತ್ರಿ ವಾಹನಗಳಿಗೆ ನಿರ್ಬಂಧ ಬೇರೆ. ಇನ್ನು ಫೋನಿನ ಸಿಗ್ನಲ್ಲು. ಸ್ಟಾಫ್ ರೂಮಿನಲ್ಲಿ ಸೊನ್ನೆ, ಏಳನೇ ಕ್ಲಾಸಿನ ಬಡಗಣ ಕಿಟಕಿಯ ಮೇಲಿಟ್ಟರೆ ಎರಡು ಗೆರೆ, ಸಂಜೆಯಾದರೆ ಒಂದು. ಆದರೆ ಒಂದು ವಿಶೇಷ ಗಮನಿಸಿದ್ದೇನೆ. ಎರಡೂ ಬೇರೆ ಬೇರೆ ದಾರಿಯಲ್ಲಿ ಬರುವುದರಿಂದ ಎರಡೂ ಒಟ್ಟಿಗೆ ಕೈಕೊಡುವುದು ಬಹಳ ಅಪರೂಪ. ಈ ಲೇಖನ ಪೂರಾ ನಿಂತಿರುವುದು ಆ ಒಂದು ಸಂಗತಿಯ ಮೇಲೆ.

ಯಂತ್ರದ ಪರಿಚಯ ಮಾಡಿಕೊಡುತ್ತೇನೆ. ತಮಿಳುನಾಡು ಸರ್ಕಾರ 2011ರಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡಲು ಶುರುಮಾಡಿತಲ್ಲ, ಎಲ್ಕಾಟ್ ಮೂಲಕ, ಆ ಪೈಕಿ ಒಂದು. ಅದರಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸ್ ಕೂಡ ಹಾಕಿಕೊಟ್ಟಿದ್ದರು. ಬಾಸ್ ಅಂದರೆ ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ ಮೇಲೆ ಮಾಡಿದ್ದು. ಅದನ್ನು ಪಡೆದಿದ್ದ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಕೆಲಸ ಸಿಕ್ಕಿದ ಮೇಲೆ "ಸಾ, ಮನೇಲಿ ಸುಮ್ನೆ ಬಿದ್ದದ, ಮಡೀಕಳಿ" ಅಂತ ಶಾಲೆಗೆ ತಂದುಕೊಟ್ಟ. ವಿಂಡೋಸ್ 7ಕ್ಕೆ ಕಂಪೆನಿಯ ಬೆಂಬಲ 2020ರ ಜನವರಿಯಲ್ಲೇ ನಿಂತಿತು. ಹಳೇ ಹಾರ್ಡ್ ಡಿಸ್ಕ್ ತೆಗೆದು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಈಗಿನ ಡೆಬಿಯನ್ ಇನ್‌ಸ್ಟಾಲ್ ಮಾಡಿದೆವು. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ವಿನ್ಯಾಸ ಇದೆ, ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಮಕ್ಕಳು ಒಂದೇ ವಾರದಲ್ಲಿ ಹೆಸರು, ಊರು, ಅಪ್ಪನ ಹೆಸರು ಎಲ್ಲಾ ಒತ್ತು ಸಮೇತ ಕುಟ್ಟುತ್ತಾರೆ.

ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮದ ಮೇಷ್ಟ್ರುಗಳಿಗೆ ಇದೆಲ್ಲ ಹಳೇ ಸುದ್ದಿ. ಕೇರಳದ ಸರ್ಕಾರಿ ಹೈಸ್ಕೂಲುಗಳಲ್ಲಿ ಲಿನಕ್ಸ್ ಬಂದು ಎಷ್ಟೋ ವರ್ಷ ಆಯಿತು, ಅವರಿಗೆ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿ ಸಿಗುತ್ತದೆ. ನಮ್ಮ ಶಾಲೆಯ ಕಪಾಟಿನಲ್ಲಿ ಅಂಥ ಪುಸ್ತಕ ಇಲ್ಲ. ಅದಕ್ಕೇ ನಾನು ಇಲ್ಲಿ ಬರೆಯುತ್ತಿರುವುದು.

ಈಗ ವಿಷಯಕ್ಕೆ ಬರ್ತೀನಿ. ವೈರೂ ಹಾಕಿ ವೈಫೈಯನ್ನೂ ಆನ್ ಮಾಡಿದರೆ ಸ್ಪೀಡು ಎರಡರಷ್ಟು ಆಗುತ್ತದೆಯೇ? ಬಿ.ಆರ್.ಸಿ. ಮೀಟಿಂಗಿನಲ್ಲಿ ಕನಿಷ್ಠ ನಾಲ್ಕು ಜನ ನನ್ನನ್ನು ಇದನ್ನೇ ಕೇಳಿದ್ದಾರೆ.

ಆಗುವುದಿಲ್ಲ. ಸತ್ಯಮಂಗಲಕ್ಕೆ ಒಂದು ಬಸ್ಸು, ಚಾಮರಾಜನಗರಕ್ಕೆ ಒಂದು ಬಸ್ಸು ನಿಂತಿದೆ ಅಂದುಕೊಳ್ಳಿ. ಎರಡೂ ಕಡೆಯಿಂದ ಮೈಸೂರಿಗೆ ಹೋಗಬಹುದು. ನೀವು ಒಬ್ಬರೇ ಇದ್ದರೆ ಒಂದು ಕಾಲು ಆ ಬಸ್ಸಿಗೆ ಒಂದು ಕಾಲು ಈ ಬಸ್ಸಿಗೆ ಇಡೋಕಾಗುತ್ತದೆಯೇ? ಯಾವುದಾದರೂ ಒಂದರಲ್ಲೇ ಹೋಗಬೇಕು. ನಲವತ್ತು ಮಕ್ಕಳಿದ್ದರೆ ಮಾತ್ರ ಇಪ್ಪತ್ತು ಅದರಲ್ಲಿ, ಇಪ್ಪತ್ತು ಇದರಲ್ಲಿ ಅಂತ ಕಳಿಸಬಹುದು. ಒಂದು ದೊಡ್ಡ ಫೈಲನ್ನು ಡೌನ್‌ಲೋಡ್ ಮಾಡುವುದು ಒಬ್ಬ ಪ್ರಯಾಣಿಕನ ಹಾಗೆ. ಐದು ಕಂಪ್ಯೂಟರಿನಲ್ಲಿ ಐದು ಮಕ್ಕಳು ಐದು ಪುಟ ತೆರೆಯುವುದು ನಲವತ್ತು ಮಕ್ಕಳ ಹಾಗೆ.

ಹಾಗಾದರೆ ಎರಡೂ ಆನ್ ಇದ್ದಾಗ ಲಿನಕ್ಸು ಏನು ಮಾಡುತ್ತದೆ? ಟರ್ಮಿನಲ್ ತೆರೆದು 'ಐಪಿ ರೂಟ್' ಅಂತ ಟೈಪ್ ಮಾಡಿ ನೋಡಿ (ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಒಂದು ಜಾಗ ಬಿಟ್ಟು). 'ಡೀಫಾಲ್ಟ್' ಅಂತ ಶುರುವಾಗುವ ಎರಡು ಸಾಲು ಕಾಣುತ್ತದೆ. ಒಂದರ ಕೊನೆಗೆ ಮೆಟ್ರಿಕ್ 100, ಇನ್ನೊಂದರ ಕೊನೆಗೆ ಮೆಟ್ರಿಕ್ 600. ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ವೈರಿಗೆ 100, ವೈಫೈಗೆ 600 ಅಂತ ತಾನೇ ಅಂಕ ಕೊಟ್ಟಿರುತ್ತದೆ. ಇದು ನಮ್ಮ ಪರೀಕ್ಷೆಯ ಹಾಗಲ್ಲ, ಇಲ್ಲಿ ಕಡಿಮೆ ಅಂಕ ಬಂದವನೇ ಫಸ್ಟು! 100 ಇರುವವರೆಗೆ ಎಲ್ಲಾ ವೈರಿನಲ್ಲೇ ಹೋಗುತ್ತದೆ, ವೈಫೈ ಸುಮ್ಮನೆ ಕೂತಿರುತ್ತದೆ. ವೈರು ಕಿತ್ತರೆ ಆ ಸಾಲೇ ಮಾಯವಾಗಿ 600ರ ಸರದಿ ಬರುತ್ತದೆ. ಅಂದರೆ ಎರಡೂ ಆನ್ ಮಾಡಿಟ್ಟರೆ ಅರ್ಧ ಕೆಲಸ ಆಗಲೇ ಆಗಿದೆ, ಯಾವ ದುಡ್ಡೂ ಬೇಡ, ಯಾವ ತಂತ್ರಾಂಶವೂ ಬೇಡ.

ಹುಡುಕಿದವರಿಗೆಲ್ಲ ಮೊದಲು ಸಿಗುವ ಪದ 'ಬಾಂಡಿಂಗ್'. ಅದರ ಚರಿತ್ರೆ ನನಗೆ ಬಹಳ ಇಷ್ಟ, ಸ್ವಲ್ಪ ಹೇಳಿಬಿಡುತ್ತೇನೆ. 1994ರಲ್ಲಿ ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಎಂಬುವರು ದುಬಾರಿ ಸೂಪರ್ ಕಂಪ್ಯೂಟರಿನ ಬದಲು 16 ಸಾಮಾನ್ಯ 486 ಪ್ರೊಸೆಸರುಗಳನ್ನು ಜೋಡಿಸಿ ಬೇವುಲ್ಫ್ ಅಂತ ಒಂದು ಗುಂಪು ಯಂತ್ರ ಕಟ್ಟಿದರು. ಆಗಿನ ಈಥರ್‌ನೆಟ್ಟಿನ ವೇಗ ಸೆಕೆಂಡಿಗೆ 10 ಮೆಗಾಬಿಟ್ಟು. ಪ್ರೊಸೆಸರುಗಳಿಗೆ ಅದು ಸಾಲದೆ, ಎರಡು ಈಥರ್‌ನೆಟ್ ಲೈನನ್ನು ಕೂಡಿಸಿ ಒಂದೇ ಲೈನಿನ ಹಾಗೆ ಬಳಸಿದರು. ಲಿನಕ್ಸಿನಲ್ಲಿರುವ ಬಾಂಡಿಂಗ್ ಡ್ರೈವರಿಗೆ ಮೂಲ ಬೆಕರ್ ಅವರು ಬೇವುಲ್ಫಿಗಾಗಿ ಬರೆದ ಆ ತುಣುಕುಗಳೇ. ಇದ್ದ ಬಡ ಸಾಮಾನನ್ನೇ ಜೋಡಿಸಿ ಕೆಲಸ ತೆಗೆಯುವ ಬುದ್ಧಿ ನಾಸಾದಲ್ಲೂ ಇತ್ತು ಅನ್ನುವುದು ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಮಾಧಾನ ಕೊಡುವ ವಿಷಯ.

ಆದರೆ ನೋಡಿ, ಬೇವುಲ್ಫಿನ ಎರಡು ಲೈನೂ ಒಂದೇ ಕೋಣೆಯಲ್ಲಿದ್ದವು, ಎರಡು ತುದಿಯೂ ಅವರ ಕೈಯಲ್ಲೇ ಇತ್ತು. ನಮ್ಮ ವೈರು ಒಂದು ಕಂಪೆನಿಯದು, ವೈಫೈ ಇನ್ನೊಂದು ಕಂಪೆನಿಯದು. ಬಾಂಡಿಂಗಿಗೆ ಎರಡೂ ಒಂದೇ ಜಾಲದ ಒಳಗಿರಬೇಕು, ಯಂತ್ರಕ್ಕೆ ಒಂದೇ ಐಪಿ ವಿಳಾಸ ಇರಬೇಕು. ಒಂದೇ ರೂಟರಿನಿಂದ ವೈರೂ ವೈಫೈಯೂ ಬರುವ ಮನೆಯಲ್ಲಿ 'ಆಕ್ಟಿವ್ ಬ್ಯಾಕಪ್' ಎಂಬ ವಿಧದಲ್ಲಿ ಇದು ಸೊಗಸಾಗಿ ನಡೆಯುತ್ತದೆ. ವೈರು ಹಾಕಿ ಕೂತು ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಹೋದರೂ ಸಂಪರ್ಕ ಕಡಿಯದೆ ವೈಫೈಗೆ ಬದಲಾಗುತ್ತದೆ. ನಮ್ಮ ಶಾಲೆಯ ಕಾಯಿಲೆಗೆ ಅದು ಮದ್ದಲ್ಲ. ಇನ್ನೂ ಒಂದು ಕಾರಣ ಇದೆ. ಬಾಂಡಿಂಗನ್ನು ಸಾಮಾನ್ಯವಾಗಿ ಕಟ್ಟುವ ರೀತಿಯಲ್ಲಿ ಅದು ನೋಡುವುದು ವೈರಿನ ಈ ತುದಿಯಲ್ಲಿ ಜೀವ ಇದೆಯೇ ಅಂತ ಮಾತ್ರ. ನಮ್ಮಲ್ಲಿ ಜೀವ ಹೋಗುವುದು ಘಾಟಿಯಲ್ಲಿ! ಮೋಡೆಮ್ಮಿನಿಂದ ಲ್ಯಾಪ್‌ಟಾಪಿಗೆ ಬರುವ ಎರಡು ಅಡಿ ವೈರು ಯಾವತ್ತೂ ಗಟ್ಟಿಯಾಗೇ ಇರುತ್ತದೆ.

ನಿಜವಾದ ಕಷ್ಟ ಇದೇ. ಹಸಿರು ಲೈಟು ಉರಿಯುತ್ತಾ ಇರುತ್ತದೆ, ಲ್ಯಾಪ್‌ಟಾಪು "ನಾನು ಕನೆಕ್ಟೆಡ್" ಅನ್ನುತ್ತದೆ, ಮೆಟ್ರಿಕ್ 100ರ ಸಾಲು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ, ಪುಟ ಮಾತ್ರ ತೆರೆಯುವುದಿಲ್ಲ. ಪಕ್ಕದಲ್ಲೇ ವೈಫೈ ಬಿಟ್ಟಿ ಕೂತಿದ್ದರೂ ಯಂತ್ರ ಅದರ ಕಡೆ ತಿರುಗಿ ನೋಡುವುದಿಲ್ಲ. ಊರ ನಲ್ಲಿಯನ್ನು ನೆನೆಸಿಕೊಳ್ಳಿ, ಪೈಪು ಇದೆ, ನಲ್ಲಿ ಇದೆ, ನೀರು ಇಲ್ಲ.

ಇದಕ್ಕೆ ಮದ್ದು ನೆಟ್‌ವರ್ಕ್ ಮ್ಯಾನೇಜರಿನ ಒಳಗೇ ಇದೆ. 'ಕನೆಕ್ಟಿವಿಟಿ ಚೆಕ್' ಅಂತ. ಆಗಾಗ್ಗೆ ಹೊರಗಿನ ಒಂದು ಚಿಕ್ಕ ಪುಟವನ್ನು ಎರಡೂ ದಾರಿಯಿಂದ ಕರೆದು ನೋಡುತ್ತದೆ. ಉತ್ತರ ಬಾರದ ದಾರಿಯ ಮೆಟ್ರಿಕ್ಕಿಗೆ 20,000 ದಂಡ ಸೇರಿಸುತ್ತದೆ. ಆಗ ವೈರು 100 ಹೋಗಿ 20,100 ಆಗುತ್ತದೆ, 600ರ ವೈಫೈ ಮುಂದಕ್ಕೆ ಬರುತ್ತದೆ. ವೈರಿಗೆ ಮತ್ತೆ ಜೀವ ಬಂದಾಗ ದಂಡ ಮನ್ನಾ. ಉಬುಂಟುವಿನಲ್ಲಿ ಈ ತಪಾಸಣೆ ಮೊದಲೇ ಆನ್ ಆಗಿರುತ್ತದೆ, ಡೆಬಿಯನ್ನಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಪ್ಯಾಕೇಜು ಇದೆ, ಹಾಕಿಕೊಳ್ಳಬೇಕು. ತಪಾಸಣೆ ನಡೆಯುವುದು 300 ಸೆಕೆಂಡಿಗೊಮ್ಮೆ, ಅಂದರೆ ಐದು ನಿಮಿಷ. ಸರ್ಕಾರಿ ಫಾರಂ ತುಂಬುವವನಿಗೆ ಐದು ನಿಮಿಷ ಬಹಳ ದೊಡ್ಡದು. ನಾನು ನೆಟ್‌ವರ್ಕ್ ಮ್ಯಾನೇಜರಿನ ಸೆಟಿಂಗ್ ಫೈಲಿನಲ್ಲಿ 'ಕನೆಕ್ಟಿವಿಟಿ' ಎಂಬ ಭಾಗದ ಕೆಳಗೆ 'ಇಂಟರ್ವಲ್' 60 ಅಂತ ಬರೆದಿದ್ದೇನೆ.

ಇಷ್ಟೆಲ್ಲಾ ಯಾಕೆ, ಕೈಯಲ್ಲೇ ವೈರು ಕಿತ್ತರಾಯಿತಲ್ಲ ಅನ್ನಬಹುದು. ನಾನು ಶಾಲೆಯಲ್ಲಿದ್ದರೆ ಸರಿ. ಟ್ರೈನಿಂಗಿಗೆ ಕೆಳಗೆ ಹೋಗಿದ್ದರೆ? ಯಾವ ವೈರು, ಯಾವ ಕಡೆ ಅಂತ ಫೋನಿನಲ್ಲಿ ಹೇಳುವುದಕ್ಕೆ ಇಲ್ಲಿ ಸಿಗ್ನಲ್ಲು ಬೇಕಲ್ಲ!

ಹೋದ ವರ್ಷದ ಎನ್.ಎಂ.ಎಂ.ಎಸ್. ಅರ್ಜಿಯ ಕೊನೇ ದಿನ ಹಾಗೇ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಎಂಟನೇ ಕ್ಲಾಸಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಎಂಟನೇ ಕ್ಲಾಸಿಗೆ ಓದು ನಿಲ್ಲಿಸಿ ಶುಂಠಿ ಹೊಲಕ್ಕೆ, ತೋಟದ ಕೂಲಿಗೆ ಹೋಗುವ ಮಕ್ಕಳನ್ನು ನೋಡಿದವರಿಗೆ ಆ ಮೊತ್ತದ ತೂಕ ಗೊತ್ತು. ನಮ್ಮಿಂದ ಐದು ಮಕ್ಕಳು. ಜಾತಿ ಸರ್ಟಿಫಿಕೇಟು, ವರಮಾನದ ಸರ್ಟಿಫಿಕೇಟು ಎಲ್ಲಾ ಕೈಗೆ ಬಂದದ್ದೇ ಹಿಂದಿನ ದಿನ. ನಾನು ಟ್ರೈನಿಂಗಿನಲ್ಲಿದ್ದೆ. ಟೀಚರು ಎಂಟ್ರಿ ಮಾಡುತ್ತಿದ್ದರು. ಮೂರು ಅರ್ಜಿ ಹೋಗಿದ್ದವು, ನಾಲ್ಕನೆಯದರ ಫೋಟೊ ಹಾಕುವಾಗ ಪುಟ ನಿಂತುಹೋಯಿತು. ಎಚ್.ಎಂ. ಸಾರು ಬಂದು ನೋಡಿ "ಲೈಟ್ ಉರೀತಾ ಅದಲ್ಲ ಟೀಚರ್" ಅಂದರಂತೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಐದನೇ ಅರ್ಜಿ ಅವಳದೇ, "ವೈರ್ ಅದ, ನೆಟ್ ಇಲ್ಲ ಸಾ, ಅದೇ ವೈಫೈಗ್ ಓಯ್ತುದ, ಒಸಿ ತಡೀರಿ" ಅಂದಳಂತೆ. ಈ ಏರ್ಪಾಡು ಮಾಡುವಾಗ ಜೊತೆಯಲ್ಲಿ ಕೂತು 'ಐಪಿ ರೂಟ್' ಕುಟ್ಟಿದ್ದವಳು ಅವಳು. ಒಂದು ನಿಮಿಷ ಕಳೆಯಿತು, ಬದಲಾಯಿತು. ಎಚ್.ಎಂ. ಸಾರಿನ ಫೋನು ಏಳನೇ ಕ್ಲಾಸಿನ ಕಿಟಕಿಯ ಮೇಲೆ ಹಾಟ್‌ಸ್ಪಾಟ್ ಆಗಿ ಕೂತಿತ್ತು. ಮತ್ತೆ ಲಾಗಿನ್ ಆಗಬೇಕಾಯಿತು, ಅರ್ಧ ತುಂಬಿದ ಅರ್ಜಿಯನ್ನು ಮೊದಲಿನಿಂದ ತುಂಬಬೇಕಾಯಿತು. ನಾಲ್ಕೂವರೆಗೆ ಐದೂ ಮುಗಿಯಿತು. ವೈರಿಗೆ ಜೀವ ಬಂದದ್ದು ಮೂರನೇ ದಿನ. ಆ ಹುಡುಗಿ ಆಯ್ಕೆಯಾದಳು, ಈಗ ಒಂಬತ್ತನೇ ಕ್ಲಾಸಿಗೆ ಹೈಸ್ಕೂಲಿಗೆ ಹೋಗುತ್ತಿದ್ದಾಳೆ.

ಮತ್ತೆ ಲಾಗಿನ್ ಯಾಕೆ ಆಗಬೇಕಾಯಿತು ಅಂದರೆ, ದಾರಿ ಬದಲಾದಾಗ ನಮ್ಮ ವಿಳಾಸವೂ ಬದಲಾಗುತ್ತದೆ. ಆ ಕಡೆಯ ಸರ್ವರಿಗೆ ನಾವು ಹೊಸಬರು. ಇದನ್ನು ತಪ್ಪಿಸುವ ವಿದ್ಯೆಯೂ ಇದೆ, ಮಲ್ಟಿಪಾತ್ ಟಿಸಿಪಿ ಅಂತ. ಒಂದೇ ಸಂಭಾಷಣೆಯನ್ನು ಎರಡು ದಾರಿಯಲ್ಲಿ ನಡೆಸುತ್ತದೆ, ಒಂದು ಕಡಿದರೂ ಮಾತು ಮುಂದುವರಿಯುತ್ತದೆ. ಆಪಲ್ ಕಂಪೆನಿ 2013ರಲ್ಲೇ ತನ್ನ ಸಿರಿಗೆ ಬಳಸಿತು, ಲಿನಕ್ಸಿನ ಮೂಲ ಕರ್ನಲ್ಲಿಗೆ 2020ರಲ್ಲಿ 5.6ರ ಜೊತೆ ಬಂತು. ಆದರೆ ಎರಡೂ ತುದಿಯವರು ಒಪ್ಪಬೇಕು. ಇಲ್ಲದಿದ್ದರೆ ನಡುವೆ ಒಂದು ಸರ್ವರ್ ಬಾಡಿಗೆಗೆ ಹಿಡಿದು ಅಲ್ಲಿ ಎರಡು ದಾರಿಯನ್ನೂ ಕೂಡಿಸಬೇಕು. ಸ್ಪೀಡಿಫೈ ಥರದ ಸೇವೆಗಳು ಮಾಡುವುದು ಅದನ್ನೇ, ಬಿಟ್ಟಿ ತಂತ್ರಾಂಶದಲ್ಲೂ ಮಾಡಿಕೊಳ್ಳಬಹುದು, ಬಾಡಿಗೆ ಮಾತ್ರ ತಪ್ಪದು. ತಿಂಗಳು ತಿಂಗಳು ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ಮಕ್ಕಳಿಗೆ ಎರಡು ಮೌಸ್ ತರುವುದು ವಾಸಿ ಅಂತ ನನ್ನ ಅಭಿಪ್ರಾಯ.

ಎರಡೂ ದಾರಿಯಲ್ಲಿ ಭಾರ ಹಂಚುವ 'ಮಲ್ಟಿಪಾತ್ ರೂಟ್' ಇನ್ನೊಂದು. 'ನೆಕ್ಸ್ಟ್‌ಹಾಪ್' ಅಂತ ಎರಡು ಬಾಗಿಲು ಹೇಳಿ, ಇದಕ್ಕೆ ಇಷ್ಟು ತೂಕ, ಅದಕ್ಕೆ ಅಷ್ಟು ತೂಕ ಅಂತ ಕೊಟ್ಟರೆ ಆಯಿತು. ಹೊರಗಿನ ವಿಳಾಸ ನೋಡಿ ಯಾವ ದಾರಿ ಎಂದು ಕರ್ನಲ್ಲು ತೀರ್ಮಾನಿಸುತ್ತದೆ. ಮಕ್ಕಳೆಲ್ಲ ಒಟ್ಟಿಗೆ ಕೂತಾಗ ಗುಣ ಕಂಡಿತು. ಆದರೆ ಒಂದು ದಾರಿ ಘಾಟಿಯಲ್ಲಿ ಸತ್ತಾಗ ಅರ್ಧ ಪುಟಗಳು ಬರುತ್ತವೆ, ಅರ್ಧ ಬರುವುದಿಲ್ಲ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ. ತೆಗೆದುಬಿಟ್ಟೆ.

ಇನ್ನು ಉಳಿದ ನಾಲ್ಕು ಹಳೇ ಡೆಸ್ಕ್‌ಟಾಪುಗಳು. ಅವಕ್ಕೆ ವೈಫೈಯೇ ಇಲ್ಲ. ಲ್ಯಾಪ್‌ಟಾಪಿಗೆ ಬಂದದ್ದನ್ನೇ ಅವಕ್ಕೂ ಹಂಚಬೇಕು. ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರು, ಒಂದು ಎಂಟು ಪೋರ್ಟಿನ ಸ್ವಿಚ್ಚು (ಲೈಟಿನ ಸ್ವಿಚ್ಚಲ್ಲ ಮಾರಾಯ್ರೆ, ನೆಟ್‌ವರ್ಕ್ ಸ್ವಿಚ್ಚು), ಸ್ವಲ್ಪ ಕೇಬಲ್ಲು, ಇಷ್ಟೇ ಕೊಂಡದ್ದು. ಅಡಾಪ್ಟರಿನ ಕನೆಕ್ಷನ್ನಿಗೆ ಐಪಿವಿ4 ಸೆಟಿಂಗಿನಲ್ಲಿ 'ಬೇರೆ ಕಂಪ್ಯೂಟರುಗಳೊಂದಿಗೆ ಹಂಚಿಕೊಳ್ಳಿ' ಎಂಬರ್ಥದ ಆಯ್ಕೆ ಇದೆ. ಅದನ್ನು ಆರಿಸಿದ ಕೂಡಲೇ ಲ್ಯಾಪ್‌ಟಾಪು 10.42.0.1 ಎಂಬ ವಿಳಾಸ ತಾನು ಇಟ್ಟುಕೊಂಡು, ಮಿಕ್ಕವಕ್ಕೆ ವಿಳಾಸ ಹಂಚುತ್ತದೆ. ಹೊರಗೆ ವೈರಿನಲ್ಲಿ ಹೋಗುತ್ತಿದೆಯೋ ವೈಫೈಯಲ್ಲೋ ಆ ನಾಲ್ಕಕ್ಕೆ ಗೊತ್ತೇ ಆಗುವುದಿಲ್ಲ. ವೈಫೈಯನ್ನೂ ಲ್ಯಾನನ್ನೂ 'ಬ್ರಿಡ್ಜ್' ಮಾಡಿ ಅಂತ ಕೆಲವರು ಹೇಳುತ್ತಾರೆ. ಫೋನಿನ ಹಾಟ್‌ಸ್ಪಾಟಿಗೆ ಗಿರಾಕಿಯಾಗಿ ಸೇರಿದ ವೈಫೈ ಕಾರ್ಡಿನಲ್ಲಿ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ತನ್ನಲ್ಲಿ ಹೆಸರು ಬರೆಸಿದ ಯಂತ್ರದ ವಿಳಾಸವನ್ನು ಮಾತ್ರ ಹಾಟ್‌ಸ್ಪಾಟು ಒಪ್ಪುತ್ತದೆ, ಹಿಂದೆ ಅಡಗಿರುವ ನಾಲ್ವರನ್ನು ಒಪ್ಪುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಮಧ್ಯಾಹ್ನದ ಊಟದ ಲೆಕ್ಕ ಬರೆಯಲು ಆಗದ ಹಾಗೆ.

ಕೈ ಹಾಕುವವರು ಎರಡು ಮೂರು ವಿಷಯ ನೋಡಿಕೊಳ್ಳಿ. ಮೋಡೆಮ್ಮೂ ಫೋನೂ ಎರಡೂ 192.168.1 ಎಂದು ಶುರುವಾಗುವ ವಿಳಾಸ ಕೊಡುತ್ತಿದ್ದರೆ ಯಂತ್ರಕ್ಕೆ ಗೊಂದಲವಾಗುತ್ತದೆ, ಮೋಡೆಮ್ಮಿನ ಸೆಟಿಂಗಿನಲ್ಲಿ ಒಂದನ್ನು ಬದಲಾಯಿಸಿ. ಡಿಎನ್‌ಎಸ್ ಅನ್ನು ಎರಡೂ ಕನೆಕ್ಷನ್ನಿಗೆ 8.8.8.8 ಥರದ ಸಾರ್ವಜನಿಕವಾದದ್ದನ್ನೇ ಕೊಡಿ. ಕೆಲವು ಕಂಪೆನಿಗಳ ಡಿಎನ್‌ಎಸ್ ತಮ್ಮ ಲೈನಿನವರಿಗೆ ಬಿಟ್ಟು ಬೇರೆಯವರಿಗೆ ಉತ್ತರ ಕೊಡುವುದಿಲ್ಲ. ಹಾಟ್‌ಸ್ಪಾಟಿನ ಕನೆಕ್ಷನ್ನಿಗೆ 'ಮೀಟರ್ಡ್' ಅಂತ ಗುರುತು ಹಾಕಿ, ಇಲ್ಲದಿದ್ದರೆ ಅಪ್‌ಡೇಟುಗಳು ಮೇಷ್ಟ್ರ ಡೇಟಾ ಪ್ಯಾಕನ್ನು ಬೆಳಿಗ್ಗೆಯೇ ತಿಂದು ಮುಗಿಸುತ್ತವೆ.

ಎರಡೂ ಕೈಕೊಟ್ಟ ದಿನಕ್ಕೆ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಲ್ಯಾಪ್‌ಟಾಪಿಗೇ ಇಳಿಸಿಟ್ಟಿದ್ದೇವೆ. ಸ್ವಿಚ್ಚಿಗೆ ಇಂಟರ್‌ನೆಟ್ಟು ಬೇಡವಲ್ಲ, ಕರೆಂಟು ಸಾಕು. ನಾಲ್ಕು ಡೆಸ್ಕ್‌ಟಾಪಿನಲ್ಲೂ ತೆರೆಯುತ್ತದೆ. ಮಕ್ಕಳು ಮೊದಲು ಹುಡುಕಿದ್ದು ರಾಜ್‌ಕುಮಾರ್, ನಮ್ಮ ಗಾಜನೂರಿನವರಲ್ಲವೇ. ಆಮೇಲೆ ಆನೆ.

ಹಾಂ, ಒಂದು ಮರೆತಿದ್ದೆ. ಯಾರೂ ಬಳಸದಿದ್ದರೆ ಕೆಲವು ಫೋನುಗಳು ಹಾಟ್‌ಸ್ಪಾಟನ್ನು ತಾವೇ ಆರಿಸಿಬಿಡುತ್ತವೆ. ಸೆಟಿಂಗಿನಲ್ಲಿ ಆ 'ತಾನಾಗಿ ಆಫ್' ಎಂಬುದನ್ನು ತೆಗೆದುಹಾಕಿ, ಕಿಟಕಿಯ ಹತ್ತಿರ ಒಂದು ಚಾರ್ಜರ್ ಪಾಯಿಂಟು ಹಾಕಿಸಿ. ನಮ್ಮ ಏಳನೇ ಕ್ಲಾಸಿನಲ್ಲಿ ಆ ಕಿಟಕಿಗೆ ಕೋತಿ ಕಾಟ ಇರುವುದರಿಂದ ಜಾಲರಿಯನ್ನೂ ಹೊಡೆಸಿದ್ದೇವೆ.